ಕೋಟು ಬಿಚ್ಚಿಟ್ಟ ಮೇಲೆ ಸಿಕ್ಕಿದ ನೆರಳು

ಮೇ ತಿಂಗಳ ಮಂಗಳೂರಿನಲ್ಲಿ ಉದ್ದ ಕೋಟು ತೊಟ್ಟು, ಹ್ಯಾಟು ಹಾಕಿಕೊಂಡು ಬಂದರಿನ ಓಣಿಯಲ್ಲಿ ನಿಲ್ಲಲು ಸಹಪಾಠಿಯೊಬ್ಬನನ್ನು ಒಪ್ಪಿಸಿದ್ದೆ. ಎರಡನೆಯ ಟೇಕ್ ಹೊತ್ತಿಗೆ ಅವನ ಅಂಗಿ ತೊಯ್ದು ತೊಪ್ಪೆಯಾಗಿತ್ತು. ಮೀನಿನ ಬುಟ್ಟಿ ಹೊತ್ತು ಬಂದ ಹೆಂಗಸೊಬ್ಬರು ನಿಂತು ನೋಡಿ, ಹುಡುಗನಿಗೆ ಚಳಿಜ್ವರವೇ ಎಂದು ತುಳುವಿನಲ್ಲಿ ವಿಚಾರಿಸಿಕೊಂಡು ಹೋದರು. ನನ್ನ ಮೊದಲ ನ್ವಾರ್ ಚಿತ್ರ, ಅಂದರೆ ಹಳೆಯ ಹಾಲಿವುಡ್ಡಿನ ಕತ್ತಲು ನೆರಳಿನ ಅಪರಾಧ ಕಥೆಗಳ ಬಗೆಯ ಚಿತ್ರ, ಅಲ್ಲಿಗೇ ಮುಗಿದಿತ್ತು. ಅದು ನನಗೆ ತಿಳಿಯಲು ಇನ್ನೂ ಎರಡು ತಿಂಗಳು ಹಿಡಿಯಿತು.

ಸಿನಿಮಾ ತರಗತಿಯಲ್ಲಿ ಕೊಟ್ಟ ಕೆಲಸ ಸರಳವಾಗಿತ್ತು. ಸಿನಿಮಾದ ಒಂದು ಪ್ರಕಾರ ಆರಿಸಿಕೊಂಡು ಅದರ ರೂಢಿಗಳನ್ನು ಅಧ್ಯಯನ ಮಾಡಿ ಎಂಟು ನಿಮಿಷದ ಚಿತ್ರ ತೆಗೆಯಬೇಕು. ನಾನು ಮದುವೆಯ ಜಿನಸಿ ಚೀಟಿಯಂತೆ ಪಟ್ಟಿ ಮಾಡಿದೆ: ಮುಖದ ಅರ್ಧ ಕತ್ತಲು, ಕಿಟಕಿಪಟ್ಟಿಗಳ ನೆರಳು, ಒದ್ದೆ ರಸ್ತೆ, ಕೆಳಗಿನಿಂದ ನೋಡುವ ಕ್ಯಾಮೆರಾ, ಹಿಂದಿನದನ್ನು ನೆನೆಯುವ ಧ್ವನಿ, ಗಂಡಸನ್ನು ಕೆಡಿಸುವ ಹೆಂಗಸು. ಎಲ್ಲಕ್ಕೂ ಟಿಕ್ ಹಾಕಿದರೆ ಚಿತ್ರವಾಯಿತು ಎಂದುಕೊಂಡೆ. ಆದರೆ ಆ ಚಿತ್ರಗಳನ್ನು ತೆಗೆದವರ ಕೈಯಲ್ಲಿ ಇಂಥ ಪಟ್ಟಿಯೇ ಇರಲಿಲ್ಲ. ಯುದ್ಧಕಾಲದಲ್ಲಿ ಫ್ರಾನ್ಸ್‌ಗೆ ಬಾರದೆ ಉಳಿದ ಅಮೆರಿಕನ್ ಚಿತ್ರಗಳು ಆಮೇಲೆ ಒಟ್ಟಿಗೆ ಬಂದಾಗ, 1946ರಲ್ಲಿ ಅಲ್ಲಿನ ವಿಮರ್ಶಕರು ಅವುಗಳ ಕಪ್ಪನ್ನು ಕಂಡು ಇಟ್ಟ ಹೆಸರು ನ್ವಾರ್, ಫ್ರೆಂಚಿನಲ್ಲಿ ಕಪ್ಪು ಎಂದೇ ಅರ್ಥ. ನೆರಳಿನ ವಿದ್ಯೆಯಲ್ಲಿ ದೊಡ್ಡ ಪಾಲು ಹಿಟ್ಲರನ ಕಾಲದಲ್ಲಿ ಜರ್ಮನಿ, ಆಸ್ಟ್ರಿಯಾ ಬಿಟ್ಟು ಹಾಲಿವುಡ್ ಸೇರಿದವರದು.

ತಾಂತ್ರಿಕವಾಗಿ ನಾನು ಮಾಡಿದ ದೊಡ್ಡ ತಪ್ಪು, ಕತ್ತಲೆಂದರೆ ಬೆಳಕು ಕಡಿಮೆ ಎಂದು ನಂಬಿದ್ದು. ಕೋಣೆಯಲ್ಲಿ ಒಂದೇ ಟೇಬಲ್ ದೀಪ ಇಟ್ಟು, ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟವಾದ ಐಎಸ್ಒವನ್ನು 3200ಕ್ಕೆ ಏರಿಸಿ ತೆಗೆದೆ. ಸಂಕಲನದಲ್ಲಿ ಸ್ವಲ್ಪ ಬೆಳಗಿಸಿದ ಕೂಡಲೇ ಕಪ್ಪಿನ ತುಂಬ ರವೆ ಚೆಲ್ಲಿದಂತೆ ಕಾಣತೊಡಗಿತು. ಆಗಬೇಕಾಗಿದ್ದುದು ತಿರುಗಾಮುರುಗಾ. ಬೆಳಕು ಬೀಳುವ ಕೆನ್ನೆಗೆ ಜೋರಾಗಿಯೇ ಬೆಳಕು ಕೊಡಬೇಕು, ಕ್ಯಾಮೆರಾವನ್ನು ಆ ಕೆನ್ನೆಗೆ ಹೊಂದಿಸಬೇಕು, ಉಳಿದದ್ದನ್ನು ತಾನಾಗಿ ಮುಳುಗಲು ಬಿಡಬೇಕು. ಎರಡು ಕೆನ್ನೆಗಳ ನಡುವೆ ಮೂರು ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ದುಪ್ಪಟ್ಟು), ಅಂದರೆ ಎಂಟು ಪಟ್ಟು ವ್ಯತ್ಯಾಸ ಬಂದಾಗ ಮುಖ ಎರಡು ಹೋಳಾಗುತ್ತದೆ.

ಹಾಗೆ ಮಾಡಿದರೂ ನೆರಳು ಬೂದಿಯ ಬಣ್ಣಕ್ಕೇ ತಿರುಗುತ್ತಿತ್ತು. ಕಾರಣ ಗೋಡೆ. ಸುಣ್ಣ ಬಳಿದ ಬಿಳಿ ಗೋಡೆ ಬೆಳಕನ್ನು ಹಿಂದಕ್ಕೆ ಎಸೆದು ನೆರಳಿನೊಳಗೆ ತುಂಬುತ್ತದೆ. ಅಟ್ಟದಿಂದ ಅಜ್ಜನ ಕಪ್ಪು ಕಂಬಳಿ ಇಳಿಸಿ, ನಟನ ಕತ್ತಲ ಬದಿಗೆ ಒಂದು ಮೊಳ ದೂರದಲ್ಲಿ ಕಟ್ಟಿದೆವು. ಕಂಬಳಿ ಬೆಳಕನ್ನು ನುಂಗಿಬಿಟ್ಟಿತು. ಬಾಡಿಗೆಗೆ ತಂದ ಎಲ್ಇಡಿ ಪ್ಯಾನೆಲ್‌ಗಿಂತ ಹೆಚ್ಚು ಉಪಕಾರ ಮಾಡಿದ್ದು ಆ ಕಂಬಳಿಯೇ.

ಜೂನ್ ತಿಂಗಳಲ್ಲಿ ಮಳೆ ಹಿಡಿಯಿತು. ಹಾಲಿವುಡ್‌ನವರು ಪೈಪಿನಲ್ಲಿ ನೀರು ಬಿಟ್ಟು ರಸ್ತೆ ತೋಯಿಸುತ್ತಿದ್ದರು, ನಮಗೆ ಪುಕ್ಕಟೆ ಸಿಕ್ಕಿತು ಎಂದು ಹಿಗ್ಗಿದೆ. ಚಿತ್ರಿಸಿ ನೋಡಿದರೆ ರಸ್ತೆಯೇನೋ ಹೊಳೆಯುತ್ತಿದೆ, ಮಳೆ ಮಾತ್ರ ಕಾಣುವುದೇ ಇಲ್ಲ! ಹನಿ ಕಾಣಬೇಕಾದರೆ ಬೆಳಕು ಅದರ ಹಿಂದಿನಿಂದ ಬರಬೇಕು. ಗೆಳತಿಯ ಸ್ಕೂಟರನ್ನು ಓಣಿಯ ತುದಿಯಲ್ಲಿ ನಮ್ಮ ಕಡೆಗೆ ತಿರುಗಿಸಿ ಹೆಡ್‌ಲೈಟ್ ಹಾಕಿಸಿದೆ. ಗೆರೆಗೆರೆಯಾಗಿ ಮಳೆ ಇಳಿಯಿತು. ಬೀದಿದೀಪಗಳ ಮಿನುಗಿಗೆ ಮದ್ದು ಸುಲಭ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಸೆಕೆಂಡಿಗೆ 25 ಫ್ರೇಮ್, ಶಟರ್ ತೆರೆದಿರುವ ಹೊತ್ತು 1/50 ಸೆಕೆಂಡು ಇಟ್ಟರೆ ಚಿತ್ರದ ಮೇಲೆ ಓಡುವ ಕಪ್ಪು ಪಟ್ಟಿಗಳು ಸಾಮಾನ್ಯವಾಗಿ ನಿಲ್ಲುತ್ತವೆ. ಎಸಿ ಕಾರಿನಿಂದ ಕ್ಯಾಮೆರಾ ಹೊರತೆಗೆದರೆ ಲೆನ್ಸ್ ಮಂಜಾಗುತ್ತದೆ, ಅದಕ್ಕೆ ಇಪ್ಪತ್ತು ನಿಮಿಷ ಕಾಯದೆ ಬೇರೆ ದಾರಿಯಿಲ್ಲ.

ಇನ್ನು ಕಿಟಕಿಪಟ್ಟಿಯ ನೆರಳು. ರಟ್ಟು ಕತ್ತರಿಸಿ ಪಟ್ಟಿ ಮಾಡಿ ದೀಪದ ಮುಂದೆ ಹಿಡಿದೆವು. ನೆರಳು ಚೆನ್ನಾಗಿಯೇ ಬಿತ್ತು, ಆದರೆ ಸುಳ್ಳು ಎನ್ನಿಸಿತು. ನಮ್ಮಲ್ಲಿ ಯಾರ ಗೋದಾಮಿಗೆ ಅಂಥ ಕಿಟಕಿ ಇದೆ? ಆ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡೇ ಡಿಸೆಂಬರ್ ರಜೆಗೆ ಉಡುಪಿ ಕಡೆಯ ಅಜ್ಜಿಮನೆಗೆ ಹೋದೆ. ಬೆಳಗ್ಗೆ ಬಚ್ಚಲುಮನೆಯ ಬಾಗಿಲು ತಳ್ಳಿದರೆ, ಮಾಡಿನ ಗಾಜಿನ ಹಂಚಿನಿಂದ ಒಂದು ಬಿಸಿಲುಕೋಲು ಹಂಡೆಯ ಒಲೆಯ ಹೊಗೆಯನ್ನು ಸೀಳಿಕೊಂಡು ನೆಲಕ್ಕೆ ಇಳಿದಿತ್ತು. ಚಿಕ್ಕಂದಿನಿಂದ ಅದರಡಿಯಲ್ಲೇ ಮಿಂದವಳು ನಾನು. 'ಡಬಲ್ ಇಂಡೆಮ್ನಿಟಿ' (1944) ಎಂಬ ನ್ವಾರ್ ಚಿತ್ರದಲ್ಲಿ ಕೋಣೆಯ ಬಿಸಿಲಿನಲ್ಲಿ ಧೂಳು ಕಾಣಲೆಂದು ಛಾಯಾಗ್ರಾಹಕ ಜಾನ್ ಸೈಟ್ಸ್ ಗಾಳಿಯಲ್ಲಿ ಅಲ್ಯೂಮಿನಿಯಂ ಪುಡಿ ತೂರಿಸಿದ್ದನ್ನು ಓದಿದ್ದೆ. ನಮಗೆ ತೆಂಗಿನ ಸಿಪ್ಪೆ ಸಾಕಾಯಿತು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗ ಅದನ್ನು ಕಟ್ಟಿದವರೂ ಜರ್ಮನ್ ಮಿಷನರಿಗಳೇ. ಆ ಲೆಕ್ಕದಲ್ಲಿ ನನ್ನ ನೆರಳೂ ಮಾಡೂ ಒಂದೇ ಊರಿನವು ಎಂದು ನಗು ಬಂತು.

ಕಥೆಯನ್ನೇ ಬದಲಿಸಿದೆ. ಪತ್ತೇದಾರ ಹೋದ. ಸೋದರಮಾವನ ಗೋದಾಮಿನಲ್ಲಿ ಲೆಕ್ಕ ಬರೆಯುವ ಅಳಿಯ ಬಂದ. ಒಂದು ರಾತ್ರಿ ಅವನು ಪುಸ್ತಕದಲ್ಲಿ ಒಂದಂಕಿ ತಿದ್ದುತ್ತಾನೆ. ಗಂಡಸನ್ನು ಕೆಡಿಸುವ ಹೆಂಗಸನ್ನು ಎಲ್ಲಿ ಕೂರಿಸುವುದೆಂದು ತಿಣುಕಾಡಿದೆ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ನೆನಪು ಇನ್ನೂ ಇರುವ ಮನೆಗಳಲ್ಲಿ ಆಸ್ತಿ ಹೆಂಗಸಿನ ಕಡೆಯಿಂದಲೇ ಹರಿದು ಬಂದದ್ದು. ಅಲ್ಲಿ ಗಂಡಸಿಗೆ ಹೊರಗಿನ ಮೋಹಿನಿಗಿಂತ ಒಳಗಿನ ಅಕ್ಕನ ಭಯ ಹೆಚ್ಚು. ಹಾಗಾಗಿ ನನ್ನ ಚಿತ್ರದ ಹೆಂಗಸು ಅವನ ತಾಯಿ. ಅವಳು ಏನನ್ನೂ ಕೇಳುವುದಿಲ್ಲ, ಮರದ ಪಟ್ಟಿಗಳ ದಳಿಯ ಆಚೆಯಿಂದ ನೋಡುತ್ತಾಳೆ. ಚಾವಡಿಯ ಆ ಮರದ ದಳಿಯ ನೆರಳೇ ಅವನ ಮುಖಕ್ಕೆ ಪಟ್ಟಿ ಪಟ್ಟಿಯಾಗಿ ಬಿದ್ದಾಗ ರಟ್ಟನ್ನು ಒಲೆಗೆ ಹಾಕಿದೆ.

ಒಲೆಯ ಹೊಗೆಯಲ್ಲಿ ಕ್ಯಾಮೆರಾ ಹೂಡಿ ಕೂತ ನಮ್ಮನ್ನು ನೋಡಿ ಅಜ್ಜಿ, "ಹಬ್ಬದ ದಿನ ಕರೆದರೂ ಫೋಟೋ ತೆಗೆಯಲು ಬಾರದವಳು, ಬಚ್ಚಲಿನ ಹೊಗೆಗೆ ಬಂದೆಯಲ್ಲ ಮಾರಾಯ್ತಿ" ಎಂದರು. ಉತ್ತರ ಕೊಡಲು ಪುರುಸೊತ್ತಿರಲಿಲ್ಲ. ಬಿಸಿಲುಕೋಲು ಹತ್ತು ನಿಮಿಷಕ್ಕೆ ಸುಮಾರು ಒಂದು ಗೇಣು ಸರಿಯುತ್ತಿತ್ತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಪ್ರತಿ ಟೇಕ್‌ಗೂ ನಟನನ್ನು, ಮಣೆಯನ್ನು, ಲೆಕ್ಕದ ಪುಸ್ತಕವನ್ನು ಅಷ್ಟಷ್ಟೇ ಸರಿಸುತ್ತ ಹೋದೆವು. ಹತ್ತೂವರೆಗೆ ಶುರುವಾದದ್ದು ಹನ್ನೊಂದೂಕಾಲಿಗೆ ಗೋಡೆ ಮುಟ್ಟಿತು. ಅಷ್ಟರಲ್ಲಿ ಏಳು ಶಾಟ್ ಸಿಕ್ಕಿದವು.

ಹಿನ್ನೆಲೆ ಧ್ವನಿ ಕೊನೆಗೆ ಕೈಕೊಟ್ಟಿತು. ಸೀರೆ ತುಂಬಿದ ಕಪಾಟಿನೊಳಗೆ ಮೈಕ್ ಇಟ್ಟು ಧ್ವನಿಯನ್ನು ಶುದ್ಧವಾಗಿಯೇ ಹಿಡಿದಿದ್ದೆ. ಮಾತೇ ಜಾಳಾಗಿತ್ತು. "ಅಂದು ರಾತ್ರಿ ನಾನು ಪುಸ್ತಕ ತೆರೆದೆ" ಎನ್ನುತ್ತಿದ್ದಾನೆ, ಪರದೆಯ ಮೇಲೂ ಪುಸ್ತಕವನ್ನೇ ತೆರೆಯುತ್ತಿದ್ದಾನೆ. ತಾಳಮದ್ದಳೆಯ ಹುಚ್ಚಿರುವ ಚಿಕ್ಕಪ್ಪ ಕೇಳಿ, "ಭಾಗವತರು ಹಾಡಿದ್ದನ್ನೇ ಅರ್ಥಧಾರಿ ಮತ್ತೆ ಒಪ್ಪಿಸಿದರೆ ಯಾರು ಕೂರುತ್ತಾರೆ? ಪದ್ಯದಲ್ಲಿ ಇಲ್ಲದ್ದನ್ನು ಹೇಳಿಸು" ಎಂದರು. ಮೂವತ್ತೆರಡು ವಾಕ್ಯಗಳಲ್ಲಿ ಒಂಬತ್ತನ್ನು ಉಳಿಸಿಕೊಂಡೆ. ಪುಸ್ತಕ ತೆರೆಯುವಾಗ ಅವನು ಈಗ ಮಾವ ಕಲಿಸಿದ ಮಗ್ಗಿಯನ್ನು ನೆನೆಯುತ್ತಾನೆ.

ಮೊದಲ ಕರಡನ್ನು ಅಜ್ಜಿಗೆ ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಕೊನೆಯವರೆಗೂ ಸುಮ್ಮನೆ ನೋಡಿದರು. ಆಮೇಲೆ ಕೇಳಿದ್ದು ಒಂದೇ: "ಆ ಗಾಜಿನ ಹಂಚು ಅಷ್ಟು ಮಸಿ ಹಿಡಿದಿದೆಯೇ?" ಬಾಕಿಯಿದ್ದ ಒಂದು ಶಾಟ್ ತೆಗೆಯಲು ಮರುವಾರ ಹೋದಾಗ ಯಾರನ್ನೋ ಮಾಡು ಹತ್ತಿಸಿ ಹಂಚನ್ನು ಉಜ್ಜಿ ತೊಳೆಸಿದ್ದರು. ಬಿಸಿಲು ಬಟಾಬಯಲಿನಂತೆ ಬಿದ್ದಿತ್ತು, ಹಳೆಯ ಶಾಟ್‌ಗಳಿಗೆ ಏನು ಮಾಡಿದರೂ ಹೊಂದಲಿಲ್ಲ. ಆ ಒಂದು ಶಾಟ್ ಇಲ್ಲದೆಯೇ ಚಿತ್ರ ಮುಗಿಸಿದೆ.