ವಾರಕ್ಕೆ ಎಷ್ಟು ದಿನದ ಕೆಲಸ ಎಂಬುದನ್ನು ನೇಮಕಾತಿ ಪತ್ರದಲ್ಲಿ ಬರೆಸಿದ ಬಗೆ

ಶಿರಸಿಯ ಜವಳಿ ಅಂಗಡಿಗಳಲ್ಲಿ ವ್ಯಾಪಾರ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಅಡಿಕೆ ಮಾರಿ ಬೆಳೆಗಾರರ ಕೈಯಲ್ಲಿ ದುಡ್ಡು ಓಡಾಡುವಾಗ, ಏಪ್ರಿಲ್-ಮೇ ತಿಂಗಳ ಮದುವೆ ಮುಂಜಿಗಳ ಕಾಲದಲ್ಲಿ, ಚವತಿ-ದೀಪಾವಳಿಗೆ ಮೊದಲು, ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಒಂಬತ್ತು ದಿನ ಅಂಗಡಿಯೊಳಗೆ ಕಾಲಿಡಲು ಜಾಗವಿರುವುದಿಲ್ಲ. ಮಳೆಗಾಲ ಜೋರಾಗಿ ಹಿಡಿದುಕೊಂಡಾಗ ಮಧ್ಯಾಹ್ನದವರೆಗೂ ಬೋಣಿಯಾಗದ ದಿನಗಳಿರುತ್ತವೆ. ಇಂತಹ ಒಂದು ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ವ್ಯಾಪಾರದ ಈ ಏರಿಳಿತವೆಲ್ಲ ಸೀರೆ ಬಿಡಿಸಿ ತೋರಿಸುವ ಹೆಣ್ಣುಮಕ್ಕಳ ಪಗಾರದ ಮೇಲೆಯೇ ಬಂದು ಬೀಳುವುದನ್ನು ಹಾಜರಿ ಪುಸ್ತಕದಲ್ಲಿ ದಿನವೂ ನೋಡುತ್ತಿದ್ದವಳು ನಾನು. ಅದನ್ನು ಸ್ವಲ್ಪಮಟ್ಟಿಗೆ ಸರಿಪಡಿಸಿಕೊಂಡದ್ದು ಹೇಗೆ ಎಂಬುದನ್ನು, ಇದೇ ಸ್ಥಿತಿಯಲ್ಲಿರುವವರಿಗೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಆಗ ನಡೆಯುತ್ತಿದ್ದುದು ಹೀಗೆ. ರಾತ್ರಿ ಒಂಬತ್ತರ ಮೇಲೆ ವಾಟ್ಸ್ಯಾಪಿನಲ್ಲಿ ‘ನಾಳೆ ಬರುವುದು ಬೇಡ’ ಎಂಬ ಸಂದೇಶ ಬರುತ್ತಿತ್ತು. ಆ ದಿನದ ಪಗಾರ ಇರುತ್ತಿರಲಿಲ್ಲ. ಬೆಳಿಗ್ಗೆ ಬಂದವರನ್ನು ಗಿರಾಕಿ ಇಲ್ಲವೆಂದು ಹನ್ನೆರಡು ಗಂಟೆಗೆ ಮನೆಗೆ ಕಳಿಸಿದರೆ ಅರ್ಧ ದಿನದ ಲೆಕ್ಕ. ಬನವಾಸಿ ಕಡೆಯಿಂದ, ಸಿದ್ದಾಪುರ ರಸ್ತೆಯ ಹಳ್ಳಿಗಳಿಂದ ಬರುವವರಿಗೆ ಶಕ್ತಿ ಯೋಜನೆಯಿಂದಾಗಿ ಬಸ್ ಚಾರ್ಜು ಉಳಿದರೂ, ಆ ದಿನ ಬೇರೆಲ್ಲೂ ಕೂಲಿಗೆ ಹೋಗುವಂತಿರಲಿಲ್ಲ. 2024ರ ಮಾರ್ಚ್‌ನ ಜಾತ್ರೆಯಲ್ಲಿ ಅದೇ ಹೆಣ್ಣುಮಕ್ಕಳು ರಾತ್ರಿ ಬಹಳ ಹೊತ್ತಿನವರೆಗೆ ನಿಂತು ದುಡಿದರು. ಅದಕ್ಕೆ ಸಿಕ್ಕಿದ್ದು ಕೊನೆಯ ದಿನ ಕೈಗಿಟ್ಟ ಒಂದಿಷ್ಟು ಹಣ. ಎಷ್ಟು ತಾಸಿಗೆ ಎಷ್ಟು ಎಂಬ ಲೆಕ್ಕವೇ ಇರಲಿಲ್ಲ.

ಮೊದಲು ಮಾಡಿದ ಕೆಲಸವೆಂದರೆ ಸಮಯ ಬರೆಯುವುದು. ನಮ್ಮ ಹಾಜರಿ ಪುಸ್ತಕದಲ್ಲಿ ಬಂದವರ ಹೆಸರಿನ ಮುಂದೆ ಒಂದು ಗುರುತು ಬೀಳುತ್ತಿತ್ತು, ಅಷ್ಟೇ. ಯಜಮಾನರಿಗೆ ಹೇಳಿ ಬಂದ ಸಮಯ, ಹೋದ ಸಮಯ ಮತ್ತು ಸಹಿಗೆ ಮೂರು ಕಂಬಸಾಲು ಎಳೆದೆ. ಇದಕ್ಕೆ ಅವರು ಬೇಡವೆನ್ನಲಿಲ್ಲ. ಅದರ ಜೊತೆಗೆ ಪ್ರತಿಯೊಬ್ಬರೂ ತಮ್ಮದೇ ಒಂದು ನೋಟ್‌ಪುಸ್ತಕದಲ್ಲಿ ಅದನ್ನೇ ಬರೆದುಕೊಳ್ಳಬೇಕು, ‘ಬರುವುದು ಬೇಡ’ ಎಂಬ ಸಂದೇಶಗಳನ್ನು ಅಳಿಸಬಾರದು ಎಂದು ಮಾತಾಡಿಕೊಂಡೆವು. ಅಂಗಡಿಯ ಪುಸ್ತಕ ಅಂಗಡಿಯಲ್ಲೇ ಉಳಿಯುತ್ತದೆ. ತಕರಾರು ಬಂದ ದಿನ ಕೆಲಸಗಾರರ ಕೈಯಲ್ಲೂ ಏನಾದರೂ ಇರಬೇಕು.

ಹಾಗೆ ಬರೆಯತೊಡಗಿದ ಮೇಲೆ ಕಾನೂನಿನ ಅಂಕಿಗಳಿಗೆ ಅರ್ಥ ಬಂತು. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ 1961ರ ಪ್ರಕಾರ ನಾವು ನೋಡಿಕೊಂಡ ಮಿತಿ ದಿನಕ್ಕೆ 9 ತಾಸು, ವಾರಕ್ಕೆ 48 ತಾಸು. ಓವರ್‌ಟೈಮ್ ಸೇರಿದರೂ ದಿನಕ್ಕೆ 10 ತಾಸು, ಮೂರು ತಿಂಗಳಲ್ಲಿ ಒಟ್ಟು ಓವರ್‌ಟೈಮ್ 50 ತಾಸು. ಹೆಚ್ಚಿನ ತಾಸಿಗೆ ಎರಡು ಪಟ್ಟು ವೇತನ. ಉದಾಹರಣೆಗೆ 8 ತಾಸಿನ ದಿನಕ್ಕೆ ₹480 ಎಂದಿಟ್ಟುಕೊಂಡರೆ ತಾಸಿಗೆ ₹60, ಓವರ್‌ಟೈಮಿಗೆ ₹120. ಜಾತ್ರೆಯ ತಾಸುಗಳನ್ನು ಹೀಗೆ ಲೆಕ್ಕ ಹಾಕಿ ಕೈಗೆ ಬಂದ ಹಣದ ಪಕ್ಕದಲ್ಲಿಟ್ಟಾಗ ವ್ಯತ್ಯಾಸ ಎಷ್ಟೆಂದು ಎಲ್ಲರಿಗೂ ಗೊತ್ತಾಯಿತು.

ಅರ್ಧ ದಿನಕ್ಕೆ ಮನೆಗೆ ಕಳಿಸುವುದರ ಬಗ್ಗೆ ಕಾನೂನು ಇನ್ನೂ ಸ್ಪಷ್ಟವಾಗಿದೆ. ಇದನ್ನು ತಿಳಿದವರು ಮಾತ್ರ ತೀರ ಕಡಿಮೆ. ಕನಿಷ್ಠ ವೇತನ ಅಧಿನಿಯಮ 1948ರ 15ನೇ ಸೆಕ್ಷನ್ ಪ್ರಕಾರ, ದಿನದ ಲೆಕ್ಕದಲ್ಲಿ ಕನಿಷ್ಠ ವೇತನ ನಿಗದಿಯಾಗಿರುವ ಕೆಲಸಗಾರರು ಮಾಲೀಕರು ಕೆಲಸ ಕೊಡದ ಕಾರಣಕ್ಕೆ ಕಡಿಮೆ ಹೊತ್ತು ದುಡಿದರೆ, ಅವರಿಗೆ ಇಡೀ ದಿನದ ವೇತನ ಸಲ್ಲಬೇಕು. ಕೆಲಸಗಾರರು ತಾವಾಗಿಯೇ ಬೇಡವೆಂದು ಹೋದರೆ ಮಾತ್ರ ಇದು ಅನ್ವಯಿಸುವುದಿಲ್ಲ. ಆ ಅಧಿನಿಯಮದ ಬದಲಿಗೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ 10ನೇ ಸೆಕ್ಷನ್ನಿನಲ್ಲಿಯೂ ಇದೇ ನಿಯಮ ಉಳಿದಿದೆ. ಈ ಸೆಕ್ಷನ್ನಿನ ಪ್ರತಿಯನ್ನು ಯಜಮಾನರ ಮುಂದಿಟ್ಟ ಮೇಲೆ ನಮ್ಮಲ್ಲಿ ಅರ್ಧ ದಿನದ ಲೆಕ್ಕ ನಿಂತುಹೋಯಿತು.

ಆದರೆ ಕರೆಯದೇ ಬಿಟ್ಟ ದಿನದ ಗತಿಯೇನು? ಕೆಲಸಕ್ಕೆ ಬಂದ ಮೇಲೆ ರಕ್ಷಣೆ ಕೊಡುವ ಈ ನಿಯಮ, ಬರುವುದೇ ಬೇಡ ಎಂದವರ ಪಾಲಿಗೆ ಇಲ್ಲ. ಆರು ತಿಂಗಳು ದುಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸು ಅಥವಾ ಅದರ ಬದಲು ವೇತನ ಕೊಡದೆ ತೆಗೆಯುವಂತಿಲ್ಲ ಎಂದು 1961ರ ಅಧಿನಿಯಮದ 39ನೇ ಸೆಕ್ಷನ್ ಹೇಳುತ್ತದೆ. ಕೆಲಸದಿಂದ ತೆಗೆದೆವು ಎನ್ನದೆ ಕರೆಯುವುದನ್ನೇ ವಾರಕ್ಕೊಂದು ದಿನಕ್ಕೆ ಇಳಿಸಿದರೆ ಆ ಸೆಕ್ಷನ್ನನ್ನು ಹಿಡಿದು ವಾದಿಸುವುದು ಕಷ್ಟ. ಅದೇ ಅಧಿನಿಯಮದ 6-ಎ ಸೆಕ್ಷನ್ ಪ್ರಕಾರ ಸೇರಿದ 30 ದಿನಗಳೊಳಗೆ ಲಿಖಿತ ನೇಮಕಾತಿ ಪತ್ರ ಕೊಡಬೇಕು, ಅದರಲ್ಲಿ ಹೆಸರು, ಹುದ್ದೆ, ವೇತನ ಮತ್ತು ಷರತ್ತುಗಳಿರಬೇಕು. ವಾರಕ್ಕೆ ಎಷ್ಟು ದಿನದ ಕೆಲಸ ಖಾತ್ರಿ ಎಂಬುದು ಆ ಷರತ್ತುಗಳಲ್ಲಿ ಸೇರದಿದ್ದರೆ ಪತ್ರವಿದ್ದೂ ಪ್ರಯೋಜನ ಕಡಿಮೆ ಎಂಬುದು ನನಗೆ ಖಚಿತವಾದದ್ದು ಇಲ್ಲಿಯೇ.

ಬೇರೆ ದೇಶಗಳು ಇದಕ್ಕೆ ಏನು ಮಾಡಿವೆ ಎಂದು ಹುಡುಕಿ ಓದಿದೆ. ನೆದರ್ಲೆಂಡ್ಸ್‌ನಲ್ಲಿ 2020ರಿಂದ, ಕರೆದಾಗ ಬರುವ ಕೆಲಸಗಾರರಿಗೆ ಸಾಮಾನ್ಯವಾಗಿ ನಾಲ್ಕು ದಿನ ಮೊದಲು ತಿಳಿಸಬೇಕು. ಆ ಅವಧಿಯೊಳಗೆ ಕರೆ ರದ್ದು ಮಾಡಿದರೂ ವೇತನ ಕೊಡಬೇಕು. ಹನ್ನೆರಡು ತಿಂಗಳಾದ ಮೇಲೆ ಇಷ್ಟು ತಾಸಿನ ಕೆಲಸ ಎಂದು ಗೊತ್ತುಮಾಡಿ ಒಪ್ಪಂದದ ಪ್ರಸ್ತಾಪ ಮುಂದಿಡಬೇಕು. ನಮ್ಮಲ್ಲಿ ಅಂತಹ ಕಾನೂನು ಇಲ್ಲದಿದ್ದರೂ, ಒಪ್ಪಂದದಲ್ಲಿ ಬರೆದುಕೊಳ್ಳುವುದನ್ನು ಯಾವ ಕಾನೂನೂ ತಡೆಯುವುದಿಲ್ಲ.

ಅಂಗಡಿಯ ತೆರಿಗೆ ಸಲಹೆಗಾರರು ಸಿದ್ಧಪಡಿಸಿದ ನೇಮಕಾತಿ ಪತ್ರದ ಮೊದಲ ಕರಡಿನಲ್ಲಿ ‘ಅವಶ್ಯಕತೆ ಇದ್ದಾಗ ಕರೆದಂತೆ ಕೆಲಸಕ್ಕೆ ಹಾಜರಾಗತಕ್ಕದ್ದು’ ಎಂಬ ಸಾಲಿತ್ತು. ಓದುವಾಗ ಸಹಜವೆನಿಸುವ ಈ ಸಾಲಿಗೆ ಯಾರೂ ಸಹಿ ಹಾಕಬಾರದು. ಉಳಿದ ಎಲ್ಲ ಷರತ್ತುಗಳನ್ನೂ ಅದೊಂದೇ ಇಲ್ಲವಾಗಿಸುತ್ತದೆ. ಅದನ್ನು ತೆಗೆಸಿ, ವಾರಕ್ಕೆ ಆರು ದಿನದ ಕೆಲಸ ಖಾತ್ರಿ, ಮುಂದಿನ ವಾರದ ಪಾಳಿಯ ಪಟ್ಟಿಯನ್ನು ಶನಿವಾರ ಅಂಗಡಿ ಮುಚ್ಚುವ ಮೊದಲು ಹಚ್ಚಬೇಕು, ಹಚ್ಚಿದ ಪಾಳಿಯನ್ನು ಎರಡು ದಿನ ಮೊದಲು ತಿಳಿಸದೆ ರದ್ದು ಮಾಡಿದರೆ ಆ ದಿನದ ಪಗಾರ ಕೊಡಬೇಕು ಎಂದು ಬರೆದೆ.

“ಜುಲೈನಲ್ಲಿ ಗಿರಾಕಿನೇ ಬರದಿದ್ರೆ ನಾ ಎಲ್ಲಿಂದ ತಂದು ಕೊಡ್ಲೇ ತಂಗಿ?” ಎಂದು ಯಜಮಾನರು ಕೇಳಿದರು. ಅವರ ಪ್ರಶ್ನೆ ನ್ಯಾಯವಾದುದೇ ಆಗಿತ್ತು. ಹಿಂದಿನ ವರ್ಷಗಳ ಮಾರಾಟದ ಪುಸ್ತಕ ತೆಗೆದು ಇಬ್ಬರೂ ಕೂತು ನೋಡಿದೆವು. ನಿಜವಾಗಿ ವ್ಯಾಪಾರ ಕುಸಿಯುವುದು ಸುಮಾರು ಎರಡು ತಿಂಗಳು ಮಾತ್ರ. ಉಳಿದ ಕಾಲದಲ್ಲಿ ರಜೆ ಕೊಟ್ಟ ದಿನಗಳಿಗೂ ಮಾರಾಟಕ್ಕೂ ಅಂತಹ ಸಂಬಂಧವೇ ಇರಲಿಲ್ಲ, ಅದು ಅಭ್ಯಾಸದಿಂದ ನಡೆದುಬಂದದ್ದು. ಆದ್ದರಿಂದ ಜೂನ್ 15ರಿಂದ ಆಗಸ್ಟ್ 15ರವರೆಗೆ ಐದು ದಿನ, ಉಳಿದಂತೆ ಆರು ದಿನ ಎಂದು ಒಪ್ಪಂದವಾಯಿತು. ದಾಸ್ತಾನು ಎಣಿಕೆ, ಬೆಲೆಚೀಟಿ ಹಚ್ಚುವಂತಹ ಕೆಲಸಗಳನ್ನು ಮಳೆಗಾಲಕ್ಕೇ ಇಟ್ಟುಕೊಂಡೆವು. ಎರಡು ದಿನದ ನೋಟಿಸಿನ ಷರತ್ತಿಗೆ ಅವರು ಬಹಳ ಹಿಂಜರಿದರು; ಹಿಂದಿನ ರಾತ್ರಿ ತಿಳಿಸಿದರೂ ಸಾಕು ಎಂದು ಪಟ್ಟು ಹಿಡಿದರು. ಹಿಂದಿನ ರಾತ್ರಿ ತಿಳಿದವರಿಗೆ ಬೇರೆ ಕೆಲಸ ಸಿಗುವುದಿಲ್ಲ ಎಂಬುದನ್ನು ಅಲ್ಲಿ ದುಡಿಯುವ ಹಿರಿಯ ಅಕ್ಕನೇ ಬಂದು ಅವರಿಗೆ ಬಿಡಿಸಿ ಹೇಳಿದ ಮೇಲೆ ಒಪ್ಪಿದರು. ಪತ್ರದ ಒಂದೊಂದು ಪ್ರತಿ ಎಲ್ಲರ ಮನೆಗೂ ಹೋಯಿತು.

ಬರಬೇಕಾದ ವೇತನದ ಬಾಕಿಯ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಬೇಕು. 1948ರ ಅಧಿನಿಯಮದಲ್ಲಿ ಕ್ಲೇಮು ಸಲ್ಲಿಸಲು ಆರು ತಿಂಗಳ ಅವಧಿ ಮಾತ್ರ ಇತ್ತು. ಜಾತ್ರೆಯ ಓವರ್‌ಟೈಮಿನ ಮಾತನ್ನು ನಾವು ತಡಮಾಡದೆ ಎತ್ತಿದ್ದೂ ಅದಕ್ಕಾಗಿಯೇ, ಅದು ಕಂತುಗಳಲ್ಲಿ ಸಂದಾಯವಾಯಿತು. ಈಗ ವೇತನ ಸಂಹಿತೆಯಲ್ಲಿ ಆ ಅವಧಿ ಮೂರು ವರ್ಷವಾಗಿದೆ, ವೇತನ ಕೊಟ್ಟಿದ್ದೇವೆಂದು ತೋರಿಸುವ ಹೊಣೆಯೂ ಮಾಲೀಕರದೇ.

ಜಾತ್ರೆಗೆಂದು ಕೆಲವೇ ದಿನಗಳ ಮಟ್ಟಿಗೆ ಸೇರಿಸಿಕೊಳ್ಳುವವರ ವಿಷಯ ಮಾತ್ರ ಆ ಪತ್ರದಲ್ಲಿ ಬಗೆಹರಿಯಲಿಲ್ಲ. ಪತ್ರ ಕೊಡಲು 6-ಎ ಸೆಕ್ಷನ್ ಕೊಡುವ 30 ದಿನಗಳೊಳಗೆ ಅವರ ಕೆಲಸವೇ ಮುಗಿದಿರುತ್ತದೆ. ನೇಮಕವಾದಾಗಲೇ ಪತ್ರ ಕೊಡಬೇಕೆನ್ನುವ ಹೊಸ ಔದ್ಯೋಗಿಕ ಸುರಕ್ಷತಾ ಸಂಹಿತೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆಗಷ್ಟೇ ಅನ್ವಯ. ಅಂಥವರಿಗೆ ಮೊದಲ ದಿನವೇ ದಿನದ ಪಗಾರ, ತಾಸು ಮತ್ತು ಓವರ್‌ಟೈಮ್ ದರ ಬರೆದ ಒಂದು ಹಾಳೆಯ ಪತ್ರ ಕೊಡಬೇಕೆಂದು ನಾನು ಕರಡು ಮಾಡಿ ಯಜಮಾನರಿಗೆ ಕೊಟ್ಟಿದ್ದೇನೆ. ಅಕ್ಕಪಕ್ಕದ ಅಂಗಡಿಗಳಲ್ಲಿ ಲೆಕ್ಕ ಬರೆಯುವವರಿಗೂ ಅದರ ಪ್ರತಿ ಕೊಟ್ಟಿದ್ದೇನೆ.