ಪೆನ್‌ಡ್ರೈವ್‌ನಲ್ಲಿ ಮಾಯವಾದ ಪ್ರಾಜೆಕ್ಟ್

ತುಮಕೂರಿನ ಬಿ.ಎಚ್. ರಸ್ತೆಯ ಜೆರಾಕ್ಸ್ ಅಂಗಡಿಯೊಂದರಲ್ಲಿ ಪ್ರಿಂಟ್ ತೆಗೆಸಿ, ಕಾಲೇಜ್ ಲ್ಯಾಬಲ್ಲಿ ಪೆನ್‌ಡ್ರೈವ್ ಹಾಕಿದರೆ ಫೋಲ್ಡರ್‌ಗಳೇ ಇಲ್ಲ! ಬರೀ ಶಾರ್ಟ್‌ಕಟ್‌ಗಳು, ಒಂದೊಂದೂ 2 ಕೆಬಿ. ಫಾರ್ಮ್ಯಾಟ್ ಹೊಡಿ ಅಂದ ಗೆಳೆಯ. ಸದ್ಯ, ಕೇಳಲಿಲ್ಲ.

"ಅವನ್ನ ಒತ್ತಬೇಡಪ್ಪ, ಒತ್ತಿದರೇನೇ ವೈರಸ್ ಓಡೋದು. ಫೈಲ್ ಎಲ್ಲೂ ಹೋಗಿಲ್ಲ, ಬಚ್ಚಿಟ್ಟಿದೆ ಅಷ್ಟೇ" ಅಂದರು ಲ್ಯಾಬ್ ಸರ್. ನೋಡಿದರೆ ನಿಜ, ಡ್ರೈವ್‌ನಲ್ಲಿ 3 ಜಿಬಿ ತುಂಬೇ ಇತ್ತು.

ಮೊದಲು ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್‌ನಲ್ಲಿ ಸ್ಕ್ಯಾನ್. ಆಮೇಲೆ ಟೈಪ್ ಮಾಡಿ ಆದೇಶ ಕೊಡೋ ಕಮಾಂಡ್ ಪ್ರಾಂಪ್ಟ್ ತೆರೆದು, ಪೆನ್‌ಡ್ರೈವ್‌ಗೆ ಹೋಗಿ, ಬಚ್ಚಿಟ್ಟ ಗುರುತು ತೆಗೆಯೋ 'ಅಟ್ರಿಬ್ ಮೈನಸ್ ಎಚ್' ಆದೇಶ ಕೊಟ್ಟೆ. ಜಪ್ಪಯ್ಯ ಅನ್ನಲಿಲ್ಲ. ವೈರಸ್ ಅವನ್ನ ಸಿಸ್ಟಮ್ ಫೈಲ್ ಅಂತ ಗುರುತು ಹಾಕಿರುತ್ತೆ, ಅದನ್ನೂ ತೆಗೀಬೇಕಂತೆ. 'ಅಟ್ರಿಬ್ ಮೈನಸ್ ಎಚ್ ಮೈನಸ್ ಆರ್ ಮೈನಸ್ ಎಸ್ ಸ್ಲ್ಯಾಶ್ ಎಸ್ ಸ್ಲ್ಯಾಶ್ ಡಿ' ಕೊಟ್ಟಾಗ ಹೆಸರೇ ಇಲ್ಲದ ಫೋಲ್ಡರ್ ಒಂದು ಎದ್ದು ಬಂತು. ಪ್ರಾಜೆಕ್ಟ್ ಅದರೊಳಗೇ ಇತ್ತು. ಶಾರ್ಟ್‌ಕಟ್‌ಗಳನ್ನು ಅಳಿಸಿದೆ.

ಈಗ ಪ್ರಿಂಟ್ ಬೇಕಾದರೆ ಸುಮ್ನೆ ಪಿಡಿಎಫ್ ಮೇಲ್ ಮಾಡ್ತೀನಿ.