ಬಾಗಿಲಲ್ಲಿ ‘ನಾಳೆ ಬಾ’: 120 ಡಾಲರಿನ ನಮ್ಮ ಹ್ಯಾಲೋವೀನ್

ನಮ್ಮದು ಅಮೆರಿಕದ ಒಹಾಯೋದ ಕೊಲಂಬಸ್ ಪಕ್ಕದ ಬಾಡಿಗೆ ಮನೆ. ದೆವ್ವ-ಭೂತಗಳ ವೇಷ ತೊಡುವ ಇಲ್ಲಿನ ಹಬ್ಬ ಹ್ಯಾಲೋವೀನ್. 2022ರಲ್ಲಿ ಮೊದಲ ಸಲ ಅದರ ಪಾರ್ಟಿ ಇಟ್ಟುಕೊಂಡೆವು. ಅಂಗಡಿಯಿಂದ ತಂದ ಅಸ್ಥಿಪಂಜರ, ಬಾಡಿಗೆ ವೇಷ, ಹೊರಗಿನಿಂದ ತರಿಸಿದ ಊಟ ಎಲ್ಲ ಸೇರಿ 400 ಡಾಲರಿನ ಹತ್ತಿರ ಖರ್ಚಾಯಿತು. ಬಂದವರು ಫೋಟೊ ತೆಗೆಸಿಕೊಂಡರು, ಉಂಡರು, ಸೋಫಾದಲ್ಲಿ ಕೂತು ವೀಸಾ, ಮನೆ ಸಾಲ, ಮಕ್ಕಳ ಶಾಲೆ ಅಂತ ಮಾತಾಡಿ ಒಂಬತ್ತೂವರೆಗೆ ಎದ್ದುಹೋದರು. ಪಾತ್ರೆ ತೊಳೆಯುತ್ತಾ ನನ್ನವರು ಕೇಳಿದ್ದು ಒಂದೇ ಪ್ರಶ್ನೆ: “ಯಾರಿಗಾದರೂ ಒಂದು ಕ್ಷಣ ಭಯ ಆಯಿತೇನೇ?” ಆಗಿರಲಿಲ್ಲ. ಮನೆಯ ಎಲ್ಲ ದೀಪಗಳೂ ಉರಿಯುತ್ತಿದ್ದವು.

ಮರುವರ್ಷ ನಾನು ಒಂದು ಲೆಕ್ಕ ಹಾಕಿಕೊಂಡೆ. ಹದಿನಾರು ಜನ, 120 ಡಾಲರ್, ಅದಕ್ಕೆ ಒಂದು ಸೆಂಟೂ ಹೆಚ್ಚಿಲ್ಲ. ಅಕ್ಟೋಬರ್ 31 ಮಂಗಳವಾರ ಬಿದ್ದಿತ್ತು. ಆ ರಾತ್ರಿ ಮಕ್ಕಳದು. ಮನೆಮನೆಗೆ ಚಾಕೊಲೇಟ್ ಕೇಳಿಕೊಂಡು ಬರುತ್ತಾರೆ. ದೊಡ್ಡವರಿಗೆ ಅದರ ಹಿಂದಿನ ಶನಿವಾರವೇ ಸರಿ ಎಂದು 28ನೇ ತಾರೀಖು ಗೊತ್ತು ಮಾಡಿದೆ. ಆಮೇಲೆ ನೋಡಿದರೆ ಅವತ್ತು ಸೀಗೆ ಹುಣ್ಣಿಮೆ, ಜೊತೆಗೆ ಚಂದ್ರಗ್ರಹಣ. ತಿಪಟೂರಿನಿಂದ ಅಮ್ಮನ ಫೋನು ಬಂತು. “ಗ್ರಹಣದ ದಿನ ದೆವ್ವಗಳನ್ನ ಮನೆಗೆ ಕರೀತೀಯೇನೇ?” ಊರಿನಲ್ಲಿ ರಾತ್ರಿ ಒಂದಕ್ಕೆ ಹಿಡಿಯುವ ಗ್ರಹಣ ನಮಗೆ ಮಧ್ಯಾಹ್ನ ಮೂರೂವರೆ, ಇಲ್ಲಿ ಆಗ ಚಂದ್ರನೇ ಇರುವುದಿಲ್ಲ ಎಂದು ಹೇಳಿದೆ. ಆದರೂ ಅವಳ ಸಮಾಧಾನಕ್ಕೆ ಸಂಜೆ ಐದರ ತನಕ ಒಲೆ ಹಚ್ಚಲಿಲ್ಲ.

ದುಡ್ಡು ಉಳಿದದ್ದು ಮುಖ್ಯವಾಗಿ ಅಲಂಕಾರದಲ್ಲಿ. ನನ್ನವರ ಎರಡು ಹಳೆ ಪಂಚೆಗಳನ್ನು ಉದ್ದುದ್ದ ಹರಿದು, ಅಲ್ಲಲ್ಲಿ ಎಳೆ ಕಿತ್ತು, ಗಟ್ಟಿ ಟೀ ಡಿಕಾಕ್ಷನ್ನಿನಲ್ಲಿ ಒಂದು ರಾತ್ರಿ ನೆನೆಸಿಟ್ಟೆ. ಒಣಗಿದಾಗ ನೂರು ವರ್ಷದ ಹೆಣದ ಬಟ್ಟೆಯ ಹಾಗೆ ಕಂದು ಬಣ್ಣಕ್ಕೆ ತಿರುಗಿದ್ದವು. ಅವನ್ನು ಗೋಡೆಗೆ ಹಾಕಲಿಲ್ಲ, ಹಜಾರಕ್ಕೆ ಬರುವ ಸಂದಿಯಲ್ಲಿ ಮುಖಕ್ಕೆ ತಾಕುವಷ್ಟು ಎತ್ತರಕ್ಕೆ ಇಳಿಬಿಟ್ಟೆ. ಕತ್ತಲಲ್ಲಿ ಒದ್ದೆಯೊದ್ದೆ ಅನ್ನಿಸುವ ಬಟ್ಟೆ ಕೆನ್ನೆಗೆ ಸವರಿದರೆ ನಲವತ್ತು ವರ್ಷದವರೂ ಕೂಗುತ್ತಾರೆ. ಡಾಲರ್ ಟ್ರೀ ಎಂಬ ಅಗ್ಗದ ಅಂಗಡಿಯಲ್ಲಿ ಆಗ ಬಹುಪಾಲು ಸಾಮಾನು ಒಂದೂಕಾಲು ಡಾಲರ್ ಇತ್ತು. ಬ್ಯಾಟರಿ ದೀಪ, ಕಪ್ಪು ಮೇಜುಹಾಸು, ಕಂದು ಕಾಗದದ ಚೀಲ ಎಲ್ಲ ಸೇರಿ ಹನ್ನೆರಡು ಸಾಮಾನಿಗೆ 15 ಡಾಲರ್ ಆಯಿತು.

ದೀಪದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ದೀಪ ತಲೆಯ ಮೇಲಿದ್ದರೆ ಮುಖ ದಿನನಿತ್ಯದ ಮುಖವೇ. ಅದೇ ದೀಪವನ್ನು ನೆಲದ ಮೇಲಿಟ್ಟರೆ ಕಣ್ಣಿನ ಗುಳಿ ಆಳವಾಗುತ್ತದೆ, ಮೂಗಿನ ನೆರಳು ಹಣೆಗೆ ಏರುತ್ತದೆ, ಹಿಂದಿನ ಗೋಡೆಯಲ್ಲಿ ಎರಡಾಳು ಎತ್ತರದ ನೆರಳು ಎದ್ದು ನಿಲ್ಲುತ್ತದೆ. ಹಾಗಾಗಿ ಮನೆಯ ಎಲ್ಲ ಬಲ್ಬ್ ಆರಿಸಿ, ಬ್ಯಾಟರಿ ದೀಪಗಳನ್ನು ಕಾಗದದ ಚೀಲದಲ್ಲಿಟ್ಟು ನೆಲದುದ್ದಕ್ಕೂ ಸಾಲಾಗಿ ಜೋಡಿಸಿದೆ. ಮೆಟ್ಟಿಲಿಗೆ ಮಾತ್ರ ಒಂದೊಂದಕ್ಕೂ ಒಂದು ದೀಪ. ವೇಷ ಹಾಕಿಕೊಂಡವರು ಕಾಲಿಗೆ ಬಟ್ಟೆ ಸಿಕ್ಕಿ ಬೀಳಬಾರದಲ್ಲ. ಉರಿಯುವ ಮೇಣದ ಬತ್ತಿ ನೇತಾಡುವ ಬಟ್ಟೆಯ ಹತ್ತಿರ ಎಲ್ಲೂ ಇರಲಿಲ್ಲ.

ಕುಂಬಳಕಾಯಿ ಮೂರು ತಂದೆ, 15 ಡಾಲರ್. ಹಿಂದಿನ ವರ್ಷ ಹತ್ತು ದಿನ ಮೊದಲೇ ಕೊರೆದು ಹೊರಗಿಟ್ಟಿದ್ದೆ. ಅರ್ಧ ಅಳಿಲಿನ ಪಾಲಾಯಿತು, ಉಳಿದದ್ದರ ಒಳಗೆ ಬೂಷ್ಟು ಹಿಡಿದು ಕಣ್ಣು ಬಾಯಿ ಒಂದಾಗಿ ಕುಸಿಯಿತು. ಈ ಸಲ ಎರಡೇ ದಿನ ಮೊದಲು ಕೊರೆದೆ. ಬಾಯಿ ತೆರೆಯುವುದು ತೊಟ್ಟಿನ ಕಡೆಯಿಂದಲ್ಲ, ತಳದಿಂದ. ತೊಟ್ಟು ಹಾಗೇ ಇದ್ದರೆ ಕಾಯಿ ಬೇಗ ಕುಸಿಯುವುದಿಲ್ಲ, ದೀಪದ ಮೇಲೆ ಟೋಪಿಯ ಹಾಗೆ ಕವುಚಿಬಿಡಬಹುದು. ಒಳಗಿನ ನಾರನ್ನು ಗಟ್ಟಿ ಚಮಚದಲ್ಲಿ ಕೆರೆದು, ಮುಂಭಾಗದ ಗೋಡೆ ಒಂದು ಅಂಗುಲ ಉಳಿಯುವಂತೆ ತೆಳ್ಳಗೆ ಮಾಡಿ, ಕೊರೆದ ಅಂಚಿಗೆಲ್ಲ ವ್ಯಾಸಲೀನ್ ಸವರಿದೆ. ಬೀಜ ತೊಳೆದು, ಉಪ್ಪು ಖಾರ ಹಾಕಿ ಹುರಿದರೆ ಒಂದು ಬಟ್ಟಲು ಕುರುಕಲಾಯಿತು. ಕೆತ್ತಲು ಮಾರುವ ಈ ಕಾಯಿಯ ತಿರುಳು ಬರೀ ನೀರು. ಪಲ್ಯಕ್ಕೆ ಹಾಕಿ ಒಮ್ಮೆ ಕೆಟ್ಟಿದ್ದೇನೆ, ನೀವು ಹಾಕಬೇಡಿ.

ಎರಡು ಕಾಯಿಗೆ ಮುಖ ಬಂತು. ಮೂರನೆಯದರಲ್ಲಿ ‘ನಾಳೆ ಬಾ’ ಎಂದು ಬರೆದೆ. ಚಿಕ್ಕವಳಿದ್ದಾಗ ನಮ್ಮ ಬೀದಿಯ ಬಾಗಿಲುಗಳ ಮೇಲೆಲ್ಲ ಸುಣ್ಣದಲ್ಲೋ ಸೀಮೆಸುಣ್ಣದಲ್ಲೋ ಬರೆದಿರುತ್ತಿದ್ದ ಮಾತು ಅದು. ರಾತ್ರಿ ದೆವ್ವ ಬಂದು ಮನೆಯವರ ದನಿಯಲ್ಲೇ ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟರೆ ಮುಗಿಯಿತು; ಬಾಗಿಲ ಮೇಲಿನ ಬರಹ ಓದಿದರೆ ಹಿಂತಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಕನ್ನಡದ ಅಕ್ಷರಗಳನ್ನು ಆರಪಾರ ಕೊರೆಯಲು ಹೋದರೆ ಸುಳಿಯ ನಡುವಿನ ತುಂಡು ಕಳಚಿ ಒಳಕ್ಕೆ ಬೀಳುತ್ತದೆ. ಅದಕ್ಕೇ ಸಣ್ಣ ಚಾಕುವಿನಲ್ಲಿ ಸಿಪ್ಪೆ ಮಾತ್ರ ಹೆರೆದೆ. ದೀಪ ಇಟ್ಟಾಗ ಅಕ್ಷರಗಳು ಒಳಗಿಂದ ಕೆಂಡದ ಹಾಗೆ ಹೊಳೆದವು. ಅರ್ಥ ಕೇಳಿದ ಪ್ರತಿಯೊಬ್ಬ ಅಮೆರಿಕನ್ ನೆರೆಯವರಿಗೂ ಹೊಸ್ತಿಲಲ್ಲೇ ಒಂದು ಕತೆ ಹೇಳಿಯಾಗಿತ್ತು.

ವೇಷಕ್ಕೆ ಒಂದೇ ಕಟ್ಟಳೆ: ಕೊಳ್ಳುವ ಹಾಗಿಲ್ಲ, ಬೀರುವಿನಲ್ಲಿರುವುದನ್ನೇ ತೊಡಬೇಕು. ಬಿಳಿ ಸೀರೆ, ಬಿಚ್ಚಿದ ಕೂದಲು, ಕಣ್ಣಿಗೆ ಮೆತ್ತಿದ ಕಾಡಿಗೆಯಲ್ಲಿ ಇಬ್ಬರು ಮೋಹಿನಿಯರು ಬಂದರು. ಹಾಸನದ ಗೆಳೆಯರೊಬ್ಬರು ಮುಖಕ್ಕೆ ಮೀಸೆ, ಕೋರೆಹಲ್ಲು ಬಳಿದುಕೊಂಡು, ಕೊರಳಿಗೆ ಒಣಮೆಣಸಿನಕಾಯಿ ನಿಂಬೆಹಣ್ಣಿನ ಹಾರ ಹಾಕಿಕೊಂಡು ದೃಷ್ಟಿಗೊಂಬೆಯಾಗಿ ನಿಂತಿದ್ದರು. ಅವತ್ತಿನ ಬಹುಮಾನ ಅವರಿಗೇ. ರಕ್ತ ಮಾತ್ರ ಬೇಡವೆಂದಿದ್ದೆ. ಹಿಂದಿನ ವರ್ಷ ಬೀಟ್ರೂಟ್ ರಸದ ರಕ್ತ ಬಾಡಿಗೆ ಮನೆಯ ಕಾರ್ಪೆಟ್ ಮೇಲೆ ಚೆಲ್ಲಿ, ಆ ಕಲೆ ತೆಗೆಯಲು ಮೂರು ವಾರಾಂತ್ಯ ಒದ್ದಾಡಿದ್ದೆ.

ಅಡುಗೆಗೆ 55 ಡಾಲರ್. ದೊಡ್ಡ ಕರಿ ಪಾತ್ರೆಯ ತುಂಬ ಬಿಸಿಬೇಳೆ ಭಾತ್, ಜೊತೆಗೆ ಕಣ್ಣುಗುಡ್ಡೆಗಳು. ಕಣ್ಣುಗುಡ್ಡೆ ಅಂದರೆ ಪಡ್ಡು. ಈರುಳ್ಳಿ ಹಾಕದ ಹಿಟ್ಟನ್ನು ಗುಳಿಗೆ ಹೊಯ್ದು, ಮೇಲಿನ್ನೂ ಹಸಿ ಇರುವಾಗಲೇ ಹಸಿರು ಆಲಿವ್‌ನ ಒಂದು ಬಿಲ್ಲೆ ಒತ್ತಬೇಕು. ಅದರ ನಡುವೆ ಕೆಂಪು ಮೆಣಸಿನ ಚೂರು ತುಂಬಿರುತ್ತದಲ್ಲ, ಅದೇ ಪಾಪೆ. ಮಗುಚಬಾರದು, ಮುಚ್ಚಳ ಹಾಕಿ ಹಬೆಯಲ್ಲೇ ಬೇಯಿಸಿದರೆ ಮೇಲ್ಭಾಗ ಬೆಳ್ಳಗೆ ಉಳಿಯುತ್ತದೆ. ಟೊಮೆಟೊ ಚಟ್ನಿಯ ಮೇಲೆ ನಲವತ್ತು ಕಣ್ಣು ನಮ್ಮನ್ನೇ ನೋಡುತ್ತಿದ್ದವು. ಕುಡಿಯಲು ಎರಡು ಗ್ಯಾಲನ್ ಸೇಬಿನ ಸೈಡರ್ (ಮದ್ಯವಲ್ಲ, ಸೋಸದ ಸೇಬಿನ ರಸ), 12 ಡಾಲರ್. ಶುಂಠಿ, ಚಕ್ಕೆ, ಲವಂಗ ಹಾಕಿ ಕುದಿಸಿದೆ. ಮದ್ಯ ಬೇಕಾದವರು ತಾವೇ ತಂದುಕೊಂಡರು.

ಹೊಗೆಗೆಂದು 10 ಡಾಲರಿನ ಡ್ರೈ ಐಸ್ ತಂದೆ. ಅದು ಮೈನಸ್ 78 ಡಿಗ್ರಿ ಸೆಲ್ಸಿಯಸ್‌ನ ಗಟ್ಟಿ ಇಂಗಾಲದ ಡೈ ಆಕ್ಸೈಡ್, ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಟ್ಟಂತೆ ಆಗುತ್ತದೆ. ಕರಗಿ ನೀರಾಗದೆ ನೇರ ಅನಿಲವಾಗುವುದರಿಂದ ಬಿಗಿ ಡಬ್ಬಿಯಲ್ಲಿ ಮುಚ್ಚಿಟ್ಟರೆ ಸಿಡಿಯುತ್ತದೆ. ಆ ಅನಿಲ ಒಳಗೇ ತುಂಬಿಕೊಳ್ಳಬಾರದೆಂದು ಕಾರಿನ ಕಿಟಕಿ ಇಳಿಸಿಕೊಂಡೇ ತಂದೆವು, ಮನೆಯಲ್ಲೂ ಒಂದು ಕಿಟಕಿ ತೆರೆದಿಟ್ಟೆವು. ಪಾನೀಯದೊಳಗೆ ಹಾಕಲೇಬೇಡಿ. ದೊಡ್ಡ ಬೋಗುಣಿಯಲ್ಲಿ ಬಿಸಿನೀರು ಮತ್ತು ಡ್ರೈ ಐಸ್, ಅದರ ನಡುವೆ ಸೈಡರಿನ ಪಾತ್ರೆ. ಬಿಳಿ ಹೊಗೆ ಮೇಜಿನಿಂದ ಇಳಿದು ನೆಲದ ದೀಪಗಳ ಮೇಲೆ ಹರಿಯಿತು. ಬಹುಮಾನಕ್ಕೂ ಚಿಲ್ಲರೆ ಸಾಮಾನಿಗೂ 8 ಡಾಲರ್ ಸೇರಿಸಿ ಒಟ್ಟು 115.

ಊಟವಾದ ಮೇಲೆ ಎಲ್ಲರನ್ನೂ ನೆಲದ ಮೇಲೆ ಸುತ್ತಲೂ ಕೂರಿಸಿದೆ. ಫೋನುಗಳೆಲ್ಲ ಒಂದು ಬುಟ್ಟಿಗೆ. ಜಪಾನಿನಲ್ಲಿ ಎದೋ ಕಾಲದ (ಹದಿನೇಳರಿಂದ ಹತ್ತೊಂಬತ್ತನೇ ಶತಮಾನದ) ಒಂದು ಆಟವಿತ್ತು: ನೂರು ದೀಪ ಹಚ್ಚಿ, ಒಂದೊಂದು ದೆವ್ವದ ಕತೆ ಮುಗಿದಾಗಲೂ ಒಂದನ್ನು ಆರಿಸುವುದು. ನಾನು ಹತ್ತೇ ದೀಪ ಇಟ್ಟೆ. ಸಿನಿಮಾ ಕತೆ ಬೇಡ, ಮನೆಯ ಹಿರಿಯರ ಬಾಯಿಂದ ಕೇಳಿದ್ದೇ ಆಗಬೇಕು ಎಂದೆ. ಮೆಕ್ಸಿಕೋದ ಸಹೋದ್ಯೋಗಿ ನೀರಿನ ದಡದಲ್ಲಿ ಮಕ್ಕಳಿಗಾಗಿ ಅಳುತ್ತಾ ಅಲೆಯುವ ಲಾ ಯೊರೋನಾಳ ಕತೆ ಹೇಳಿದಳು. ಐರಿಷ್ ಮೂಲದ ನೆರೆಯವರು ಸ್ವರ್ಗಕ್ಕೂ ನರಕಕ್ಕೂ ಸಲ್ಲದೆ, ಟರ್ನಿಪ್ ಗೆಡ್ಡೆಯಲ್ಲಿ ಕೆಂಡವಿಟ್ಟುಕೊಂಡು ಕತ್ತಲಲ್ಲಿ ತಿರುಗುವ ಜ್ಯಾಕ್‌ನ ಕತೆ ಹೇಳಿದರು. ಈ ಕುಂಬಳಕಾಯಿ ದೀಪಕ್ಕೆ ಅವನದೇ ಹೆಸರು, ‘ಜ್ಯಾಕ್-ಒ-ಲ್ಯಾಂಟರ್ನ್’. ಅದು ಮುಗಿಯುವುದೇ ತಡ, ದೃಷ್ಟಿಗೊಂಬೆ ಗೆಳೆಯರು ಬಾಯಿ ಹಾಕಿದರು: “ಇದು ನಮ್ಮೂರ ಕೊಳ್ಳಿದೆವ್ವ ಕಣ್ರೀ!” ಕೆರೆ ಏರಿಯ ಮೇಲೆ ಅವರ ತಾತನ ಮುಂದೆ ಮುಂದೆ ಹೋಗುತ್ತಿದ್ದ ಬೆಂಕಿಯ ಕತೆಯನ್ನು ಅವರು ದನಿ ತಗ್ಗಿಸಿ ಹೇಳುವಾಗ ಮೂರೇ ದೀಪ ಉಳಿದಿದ್ದವು. ಹೊರಗೆ ಹುಣ್ಣಿಮೆ. ಮೊಣಕಾಲು ಅಪ್ಪಿಕೊಂಡು ಹದಿನಾರು ಜನ ಉಸಿರು ಬಿಗಿಹಿಡಿದು ಕೂತಿದ್ದರು. ಕೊನೆಯ ದೀಪ ಆರಿದಾಗ ರಾತ್ರಿ ಹನ್ನೆರಡೂಮುಕ್ಕಾಲು.

ದೀಪಗಳ ಬ್ಯಾಟರಿ ತೆಗೆದು ಡಬ್ಬಿಗೆ ಹಾಕಿಟ್ಟೆ. 2024ರಲ್ಲಿ ಅಕ್ಟೋಬರ್ 31ಕ್ಕೇ ನರಕ ಚತುರ್ದಶಿ ಬಂತು. ಚಾಕೊಲೇಟಿಗೆ ಬಂದ ಮಕ್ಕಳಿಗೆ ನಮ್ಮ ಹೊಸ್ತಿಲಲ್ಲಿ ಒಂದು ಪಕ್ಕ ಹಣತೆ, ಇನ್ನೊಂದು ಪಕ್ಕ ‘ನಾಳೆ ಬಾ’ ಕುಂಬಳಕಾಯಿ ಕಂಡವು.